ಥಂಡಿ ಖೋಲಿಯ ಗಾಳಿ

೧೯೯೪ನೇ ಇಸವಿ ಮೇ ತಿಂಗಳ ಹನ್ನೊಂದನೇ ತಾರೀಕು, ಬುಧವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಜೇವರ್ಗಿಯ ಮಹಾದೇವಪ್ಪನವರ ಮನೆಯ ಏಸಿ ನಿಂತಿತು. ಬಟನ್ ಒತ್ತಿದರೆ ನಿಲ್ಲುವ ಹಾಗೆ ಟಕ್ಕೆಂದು ನಿಲ್ಲಲಿಲ್ಲ. ಭಾರದ ಮನುಷ್ಯನೊಬ್ಬ ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕೂತಂತೆ, ಒಂದು ಉದ್ದನೆಯ ಉಸಿರು ಬಿಟ್ಟು, ಒಮ್ಮೆ ನಡುಗಿ ಸುಮ್ಮನಾಯಿತು.

ಪಡಸಾಲೆಯಲ್ಲಿ ಊಟಕ್ಕೆ ಕೂತವರ ಕೈ ತಾಟಿನ ಮೇಲೇ ನಿಂತವು.

“ಕರೆಂಟ್ ಹೋತೇನು?” ಎಂದ ಮಹಾದೇವಪ್ಪನವರ ಮಗ ನಾಗಣ್ಣ.

“ಫ್ಯಾನ್ ತಿರಗಾಕತ್ತದಲ್ಲಪ್ಪಾ,” ಎಂದು ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿದ್ದ ಮಗಳು ಜಗದೇವಿ ರೊಟ್ಟಿ ಹಿಡಿದ ಕೈಯಿಂದಲೇ ಮೇಲೆ ತೋರಿಸಿದಳು.

ನಾಗಣ್ಣನ ಹೆಂಡತಿ ದ್ರೌಪದಿ ಎದ್ದು ಹೋಗಿ ಥಂಡಿ ಖೋಲಿಯ ಬಾಗಿಲಿಗೆ ಕಿವಿಗೊಟ್ಟಳು. ಏಸಿ ಇದ್ದ ಆ ಕೋಣೆಯನ್ನು ಮನೆಯವರೆಲ್ಲ ಥಂಡಿ ಖೋಲಿ ಎಂದೇ ಕರೆಯುತ್ತಿದ್ದರು. ಒಳಗೆ ಇದ್ದವರು ಅವಳ ಅತ್ತೆ ಗೌರಾಬಾಯಿ ಒಬ್ಬರೇ.

“ಅತ್ತೀ, ಮಷೀನ್ ಬಂದಾತೇನ್ರಿ?”

“ಹೂಂ ಯವ್ವಾ. ಇವ್ರು ಸುಮ್ಮಕಾದ್ರು ನೋಡು.”

ಇದು ಅನ್ನಲಿಲ್ಲ, ಇವ್ರು ಅಂದರು. ಗಂಡನ ಹೆಸರು ಹೇಳದ ಹೆಂಗಸರು ಗಂಡನಿಗೆ ಅನ್ನುವ ‘ಇವ್ರು’. ಮಹಾದೇವಪ್ಪನವರು ತೀರಿಕೊಂಡು ವರ್ಷ ತುಂಬಿತ್ತು. ದ್ರೌಪದಿ ಕೇಳಿಸದವಳಂತೆ ಬಂದು ಗಂಡನಿಗೆ ಮಜ್ಜಿಗೆ ಬಡಿಸಿದಳು.

ಆ ಏಸಿ ಬಂದದ್ದು ಮಹಾದೇವಪ್ಪನವರ ಉಬ್ಬಸಕ್ಕಾಗಿ. ತೊಗರಿಯ ಅಡತಿ ಅಂಗಡಿಯಲ್ಲಿ ಜೀವಮಾನವಿಡೀ ಧೂಳು ಕುಡಿದ ಎದೆ ಅದು. ಧೂಳು, ಸೆಕೆ ಎರಡೂ ಕೂಡದೆಂದು ಸೊಲ್ಲಾಪುರದ ಡಾಕ್ಟರು ಹೇಳಿದ ಮೇಲೆ ಪಡಸಾಲೆಯ ಪಕ್ಕದ ಕೋಣೆಗಿದ್ದ ಒಂದೇ ಒಂದು ಕಿಟಕಿಯನ್ನು ಕಿತ್ತು, ಆ ಜಾಗದಲ್ಲಿ ಮಷೀನು ಕೂಡಿಸಿದ್ದರು. ಓಣಿಯ ಮಂದಿ ಬಂದು ಹೊಸ್ತಿಲಲ್ಲಿ ನಿಂತು, ಮುಖಕ್ಕೆ ತಂಪು ಹೊಡೆಸಿಕೊಂಡು, “ಅಬಬಾ!” ಎನ್ನುತ್ತಿದ್ದರು. ಒಳಗಿನಿಂದ ಮಹಾದೇವಪ್ಪನವರ ಕೂಗು ಬರುತ್ತಿತ್ತು: “ಬಾಗ್ಲಾ ಹಾಕ್ರಬೇ, ಗಾಳಿ ಹೋಗ್ತದ!”

ಆ ಒಂದು ಮಾತೇ ಮನೆಯ ಕಾಯಿದೆಯಾಯಿತು. ಅವರು ಮಂಚದ ಮೇಲೆ ಮಲಗಿಕೊಂಡೇ ಮುಚ್ಚಿದ ಬಾಗಿಲಿನಾಚೆಯಿಂದ ಮನೆ ನಡೆಸಿದರು. ಯಾರು ಬಂದರು, ಯಾರು ಹೋದರು, ಸೊಸೆಯ ಟಿಫಿನ್ ಡಬ್ಬಿ ಇಷ್ಟು ಲಗೂ ಯಾಕೆ ಮುಚ್ಚಿತು, ಎಲ್ಲ ಅವರಿಗೆ ಕೇಳುತ್ತಿತ್ತು. ದ್ರೌಪದಿ ಮದುವೆಗೆ ಮುಂಚೆಯೇ ಬಿಎಸ್ಸಿ ಮುಗಿಸಿದವಳು, ಊರ ಕನ್ಯಾಶಾಲೆಯಲ್ಲಿ ವಿಜ್ಞಾನದ ಟೀಚರು. ಮಾವ ಅವಳಿಂದ ಎರಡು ಸಲ ರಾಜೀನಾಮೆ ಬರೆಸಿದ್ದರು. ಎರಡೂ ಸಲ ಗೌರಾಬಾಯಿ ಅದನ್ನು ಒಲೆಗೆ ಹಾಕಿ, “ಸಾಲಿಯವ್ರು ಒಪ್ಪಲಿಲ್ಲಂತ್ರಿ,” ಎಂದು ಗಂಡನಿಗೆ ಹೇಳಿ ಬಂದಿದ್ದರು. ಜಗದೇವಿಯನ್ನು ಅತನೂರಿನಲ್ಲಿದ್ದ ತಮ್ಮ ತಂಗಿಯ ಮೊಮ್ಮಗನಿಗೆ ಕೊಡುವುದೆಂದು ಮಾವ ಮಾತು ಕೊಟ್ಟಾಗ ಮಾತ್ರ ಗೌರಾಬಾಯಿಗೆ ಒಲೆಗೆ ಹಾಕಲು ಏನೂ ಸಿಗಲಿಲ್ಲ. ಆ ಮಾತು ಮುಂದುವರಿಯುವ ಮೊದಲೇ, ಹೋದ ಬೇಸಿಗೆಯಲ್ಲಿ, ಮುದುಕರ ಉಸಿರು ನಿಂತಿತು.

ತೀರಿಕೊಂಡವರನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿ, ಮೈತುಂಬ ವಿಭೂತಿ ಹಚ್ಚಿ, ತಲಬಾಗಿಲು ತೆರೆದಿಟ್ಟು ಭಜನೆ ಮಾಡುವುದು ಆ ಮನೆತನದ ರೂಢಿ. ಆದರೆ ಮಗಳು ಕಸ್ತೂರಿಬಾಯಿ ಪುಣೆಯಿಂದ ಬರಬೇಕಾಗಿತ್ತು, ಬಿಸಿಲು ಹಾಗಿತ್ತು. “ಥಂಡಿ ಖೋಲ್ಯಾಗೇ ಕೂಡ್ಸೋಣ, ಮಷೀನ್ ಜೋರ ಇಡೋಣ,” ಎಂದ ನಾಗಣ್ಣ. ಎಲ್ಲರಿಗೂ ಸರಿ ಎನ್ನಿಸಿತು. ಥಂಡಿ ಹೊರಗೆ ಹೋಗದಂತೆ ಬಾಗಿಲು ಹಾಕಿದರು. ಭಜನೆಯವರು ಪಡಸಾಲೆಯಲ್ಲಿ ಕೂತು ಮುಚ್ಚಿದ ಬಾಗಿಲಿಗೆ ಹಾಡಿದರು.

“ಬಾಗ್ಲಾ ಹಾಕಿದ್ರ ಗಾಳಿ ಹ್ಯಾಂಗ ಹೋಗ್ಬೇಕು?” ಎಂದು ಗೌರಾಬಾಯಿ ಒಮ್ಮೆ ಕೇಳಿದ್ದರು. ಸೆಕೆಯ ಮಾತಿರಬೇಕೆಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಸೀಮೆಯಲ್ಲಿ ಬೀಸುವುದಕ್ಕೂ ಗಾಳಿ ಎನ್ನುತ್ತಾರೆ, ಮನುಷ್ಯರನ್ನು ಹಿಡಿಯುವುದಕ್ಕೂ ಗಾಳಿ ಎನ್ನುತ್ತಾರೆ. ಮಣ್ಣು ಮುಗಿದ ಮರುವಾರವೇ ಗೌರಾಬಾಯಿ ತಮ್ಮ ಕೌದಿ, ತಂಬಿಗೆ ತೆಗೆದುಕೊಂಡು ಆ ಕೋಣೆಗೆ ಹೋದರು. ಮುದುಕಿಗೆ ಗಂಡನ ಮೇಲೆ ಜೀವ ಎಂದು ಓಣಿಯವರು ಕಣ್ಣೊರೆಸಿಕೊಂಡರು.

ಸಂಜೆ ಚಹಾದ ಹೊತ್ತಿಗೆ ಜಗಳ ಹತ್ತಿತು.

“ಹಳೇದು ಕೊಟ್ಟು ಹೊಸಾದು ತರೋಣ,” ಎಂದ ನಾಗಣ್ಣ, ಕೊರಳಿನ ಟಾವೆಲಿನಿಂದ ಮುಖ ಒರೆಸುತ್ತ. ಅವನು ಬೆವರುವ ಮನುಷ್ಯ. ಬೇಸಿಗೆಯಲ್ಲಿ ಕೂತ ಜಾಗದಲ್ಲಿ ಗುರುತು ಮೂಡುವಷ್ಟು ಬೆವರುತ್ತಿದ್ದ. “ಈಗ ದುಕಾನದವ್ರು ಹಳೇ ಮಷೀನ್ ವಾಪಸ್ ತಗೋತಾರ.”

“ತಗೊಂಡು ಏನ್ ಮಾಡ್ತಾರ?” ಗೌರಾಬಾಯಿ ಬಾಗಿಲಿನ ಸಂದಿಯಿಂದ ಕೇಳಿದರು.

“ರಿಪೇರಿ ಮಾಡಿ ಯಾರಿಗರೆ ಮಾರ್ತಾರವ್ವ.”

“ಮಾರಾಂಗಿಲ್ಲ. ಮಂದಿ ಮನೀಗೆ ಕಳಸಾಂಗಿಲ್ಲ. ಅವ್ರೇನ್ ಪಾಪ ಮಾಡ್ಯಾರ?”

“ಯಾರು ಪಾಪ ಮಾಡ್ಯಾರ? ಏನಂತಿ ಅವ್ವ ನೀ?”

ಅಜ್ಜನ ಮಾತೆಂದು ತಿಳಿದು ಜಗದೇವಿ ನಕ್ಕಳು. “ಆಯಿ, ಮುತ್ಯಾನ ಕೊಟ್ಟು ಹೊಸ ಮುತ್ಯಾ ತರೋಣೇನ?”

“ಬಾಯಿ ಮುಚ್ಚು,” ಎಂದಳು ದ್ರೌಪದಿ. ಆದರೆ ಗೌರಾಬಾಯಿ ಸಿಟ್ಟಾಗಲಿಲ್ಲ. ಮೊಮ್ಮಗಳನ್ನು ನೋಡಿ, “ಹಳೇದೇ ಸಾಕಾಗ್ಯಾದ ಕೂಸೇ,” ಎಂದು ಬಾಗಿಲು ಹಾಕಿಕೊಂಡರು.

“ಮೊದಲ ರಿಪೇರಿಯವನ್ನ ಕರಸ್ರಿ,” ಎಂದಳು ದ್ರೌಪದಿ ಗಂಡನಿಗೆ. “ಕಿಡಕಿ ಇಲ್ಲದ ಖೋಲಿ ಅದು. ಮ್ಯಾಲ ಪರಶಿ ಕಲ್ಲು, ಹೊರಗ ನಲವತ್ತರ ಮ್ಯಾಲ ಬಿಸಲು. ಮಷೀನ್ ಇಲ್ಲದ ಅಲ್ಲಿ ಕುಂತ್ರ ಅತ್ತಿ ಜೀವ ಉಳಿಯಾಂಗಿಲ್ಲ.”

“ಹೊರಗ ಬಂದು ಮಲಕ್ಕೊ ಅನ್ನು.”

“ನೀವ ಅನ್ರಿ, ನಿಮ್ಮವ್ವ.”

“ನಂದ ಯಾರ ಕೇಳ್ತಾರ? ಜಗದೇವಿ ಬಿಎಸ್ಸಿ ಮುಗಿಸ್ಲಿ, ಇಕೀ ಕಡಿಂದೇ ಮಷೀನ್ ರಿಪೇರಿ ಮಾಡಿಸ್ತೇನಿ,” ಎಂದು ನಾಗಣ್ಣ ಮಗಳ ಜಡೆ ಎಳೆದು ಅಂಗಡಿಗೆ ಹೋದ.

ರಿಪೇರಿಯ ಹಸನಸಾಬ ಕಲಬುರಗಿಯಿಂದ ಬಸ್ಸಿನಲ್ಲಿ ಬಂದ. ಬಾಯಿ ತುಂಬ ಪಾನು, ಅದಕ್ಕಿಂತ ಹೆಚ್ಚು ಮಾತು.

“ನಾ ಕೂಡಿಸಿದ್ ಮಷೀನ್ ಆಗಿದ್ರ ಇಪ್ಪತ್ ವರ್ಷ ಕೆಮ್ಮಾಂಗಿಲ್ರಿ ಸಾವಕಾರ. ಇದು ಯಾರೋ ಮೊಳಿ ಬಡಿಯವ ಕೂಡ್ಸ್ಯಾನ,” ಎನ್ನುತ್ತ ಮುಂದಿನ ಜಾಲರಿ ಬಿಚ್ಚಿದ. ಜಾಲರಿಯ ಹಿಂದಿನಿಂದ ಬೂದಿ ಬಣ್ಣದ ಪುಡಿ ದಪದಪನೆ ನೆಲಕ್ಕೆ ಬಿತ್ತು. ಹಸನಸಾಬ ಬೆರಳಿನಿಂದ ತಿಕ್ಕಿ ಮೂಸಿದ.

“ಧೂಳ ಅಲ್ರಿ ಇದು. ವಿಭೂತಿ.”

“ಮಾವ ದಿನಾ ಇಲ್ಲೇ ಕುಂತು ಪೂಜಾ ಮಾಡ್ತಿದ್ರು. ಮಷೀನ್ ಎಳಕೊಂಡಿರ್ತದ,” ಎಂದಳು ದ್ರೌಪದಿ ತಟ್ಟನೆ. ಹೇಳಿದ ಮೇಲೆ ಅವಳ ಕಣ್ಣು ಆ ರಾಶಿಯ ಮೇಲೇ ನಿಂತಿತು. ವರ್ಷದಿಂದ ಆ ಕೋಣೆಯಲ್ಲಿ ಯಾರೂ ವಿಭೂತಿ ಹಚ್ಚಿಕೊಂಡಿರಲಿಲ್ಲ. ಜಾಲರಿಯನ್ನೋ ಪ್ರತಿ ಹಬ್ಬಕ್ಕೂ ಅವಳೇ ತೊಳೆಯುತ್ತಿದ್ದಳು.

ಹಸನಸಾಬ ಕೊಳವೆಗೆ ಸೋಪಿನ ನೊರೆ ಹಚ್ಚಿ ನೋಡಿ, ಪಕ್ಕದಲ್ಲೇ ನಿಂತಿದ್ದ ಗೌರಾಬಾಯಿಗೆ ತಿಳಿಯಲೆಂದು ಗ್ಯಾಸು ಎನ್ನದೆ ಬಿಡಿಸಿ ಹೇಳಿದ: “ಒಳಗಿನ ಗಾಳಿ ಹೋಗ್ಯಾದ್ರಿ ಅಮ್ಮಾ.”

“ಯಾವಾಗ ಹೋತಪಾ?”

“ಸೂಜಿ ಮೊನಿಯಷ್ಟು ತೂತು ಬಿದ್ದದ. ಸಣ್ಣಾಂಗ ಹೋಗಿರ್ತದ.”

“ಎಲ್ಲಿಗೆ ಹೋತು?”

ಹಸನಸಾಬನಿಗೆ ನಗು ಬಂತು. “ಎಲ್ಲಿಗ್ ಹೋಗ್ತದ್ರೀ? ಬಾಗ್ಲಾ ಬಡಕೊಂಡು ಕುಂತೀರಿ. ಇಲ್ಲೇ ಖೋಲ್ಯಾಗೇ ಇರ್ತದ. ತಿರಗ್ತಿರ್ತದ.”

ಹಾಗಲ್ಲ ಎಂದು ದ್ರೌಪದಿ ಬಾಯಿ ತೆರೆಯುವಷ್ಟರಲ್ಲಿ ಅಡಿಗೆಮನೆಯಲ್ಲಿ ಹಾಲು ಉಕ್ಕಿದ ವಾಸನೆ ಬಂತು, ಓಡಿದಳು. ತಿರುಗಿ ಬರುವಾಗ ಹಸನಸಾಬ ತನ್ನ ಚೀಲ, ಸ್ಪ್ಯಾನರು, ಸ್ಕ್ರೂಡ್ರೈವರುಗಳ ಸಮೇತ ಪಡಸಾಲೆಯಲ್ಲಿ ನಿಂತಿದ್ದ. ಹಿಂದೆ ಬಾಗಿಲು ಮುಚ್ಚಿತ್ತು.

“ಅಮ್ಮಾ ನನ್ ನೂಕೇ ಬಿಟ್ರಲ್ರೀ! ರಿಪೇರಿ ಮಾಡಬಹುದ್ರಿ ಸಾವಕಾರ, ಖರೆ ಉಳದ ಗಾಳೀನ ಮೊದಲ ಪೂರಾ ಹೊರಗ ಹಾಕಿ, ಆಮ್ಯಾಲ ಹೊಸಾದು ತುಂಬಬೇಕು. ಅಷ್ಟ್ ಮಾಡಿದ್ರೂ ಒಂದ್ ಬ್ಯಾಸಿಗಿ ಬಂದ್ರ ಬಂತು. ನನ್ ಕೇಳಿದ್ರ ಹೊಸಾದು ತಗೋರಿ.”

ಅಂದಿನಿಂದ ಗೌರಾಬಾಯಿ ಬಾಗಿಲು ತೆರೆಯುವುದನ್ನೇ ಬಿಟ್ಟರು. ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಹಿತ್ತಲಿಗೆ ಹೋಗಿ ಬರುತ್ತಿದ್ದರು, ಅದೂ ಮೈ ತೂರುವಷ್ಟೇ ಸಂದಿ ಮಾಡಿಕೊಂಡು. ಊಟದ ತಾಟನ್ನು ದ್ರೌಪದಿ ಓರೆ ಮಾಡಿ ಒಳಗೆ ತೂರಿಸಬೇಕಾಗುತ್ತಿತ್ತು. ರೊಟ್ಟಿ ಅರ್ಧಕ್ಕೇ ವಾಪಸು ಬರುತ್ತಿತ್ತು.

“ಅತ್ತೀ, ಕುದ್ದು ಹೋಗ್ತೀರಿ. ಹೊರಗ ಬರ್ರಿ.”

“ನಂಗ ಸೆಕಿ ಇಲ್ಲ ಯವ್ವಾ. ಕಪಾಟಿನಾಗಿನ ದೊಡ್ಡ ಕೌದಿ ಇದ್ರ ಕೊಡು.”

ಮೇ ತಿಂಗಳಲ್ಲಿ ಕೌದಿ. ಮುದುಕಿಗೆ ಜ್ವರ ಬಂದಿರಬೇಕೆಂದು ದ್ರೌಪದಿ ಕೈ ಒಳಗೆ ಹಾಕಿ ಹಣೆ ಮುಟ್ಟಿದಳು. ಜ್ವರ ಇರಲಿಲ್ಲ. ಹಣೆ ನೀರಿನ ಹರವಿಯ ಹೊಟ್ಟೆಯಂತೆ ತಣ್ಣಗಿತ್ತು. ಬಾಗಿಲು ಮುಚ್ಚಿದ ಮೇಲೂ ಅವಳ ಮೊಣಕೈವರೆಗೆ ಕೂದಲು ನಿಮಿರಿಯೇ ಇದ್ದವು.

ಮರುದಿನ ಅವಳು ಶಾಲೆಯ ಜವಾನನ ಮನೆಗೆ ಹೋಗಿ ಕೀಲಿ ಇಸಕೊಂಡು, ಪ್ರಯೋಗದ ಕಪಾಟಿನಿಂದ ಥರ್ಮಾಮೀಟರು ತಂದಳು. ಮೊದಲು ಪಡಸಾಲೆಯಲ್ಲಿ ಹಿಡಿದಳು, ಮೂವತ್ತೆಂಟು. ಅದೇ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ನಿಂತಿತು, ಓಣಿಯ ಗಿರಣಿಯ ಸದ್ದು ನಿಂತಿತು. ಆ ಮೌನದಲ್ಲಿ ಥಂಡಿ ಖೋಲಿಯ ಒಳಗಿನಿಂದ ಉಸಿರಾಡುವ ಸದ್ದು ಕೇಳಿತು. ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ಸಣ್ಣ ಸೀಟಿ. ಐದು ವರ್ಷ ಕೇಳಿದ ಮಾವನ ಉಬ್ಬಸ. ಅತ್ತೆಯದಿರಬೇಕು ಎಂದುಕೊಂಡು ಅವಳು ಬಾಗಿಲು ತಟ್ಟಿದಳು.

ತೆರೆದವರು ಗೌರಾಬಾಯಿ. ಬಾಯಿ ಬಿಗಿಯಾಗಿ ಮುಚ್ಚಿತ್ತು, ಸೆರಗು ಮೂಗಿನ ಮೇಲಿತ್ತು. ಉಸಿರಿನ ಸದ್ದು ಆಗಲೂ ಅವರ ಬೆನ್ನ ಹಿಂದಿನಿಂದ ಬರುತ್ತಲೇ ಇತ್ತು.

“ಲಗೂನ ಒಳಗ ಬಾ, ಇಲ್ಲಾ ಹೊರಗ ಹೋಗು. ನಡುವ ನಿಂದ್ರಬ್ಯಾಡ.”

ದ್ರೌಪದಿ ಗೋಡೆಯ ಮೊಳೆಗೆ ಥರ್ಮಾಮೀಟರು ತೂಗುಹಾಕಿ, ಪಾದರಸಕ್ಕೆ ಕಣ್ಣು ನೇರ ಮಾಡಿ ಕಾಯ್ದಳು. ಕರೆಂಟಿಲ್ಲ, ಮಷೀನು ಸತ್ತು ಎರಡು ವಾರವಾಗುತ್ತ ಬಂದಿದೆ. ಪಾದರಸ ಇಳಿಯುತ್ತ ಇಳಿಯುತ್ತ ಇಪ್ಪತ್ತೆರಡರಲ್ಲಿ ನಿಂತಿತು.

ಅವಳು ಅದನ್ನು ಅಡಿಗೆಮನೆಗೆ ಒಯ್ದಳು. ಜಗದೇವಿಯನ್ನು ಕಳಿಸಿ ಸೋಡಾ ಅಂಗಡಿಯಿಂದ ಬರ್ಫು ತರಿಸಿ ಅದರಲ್ಲಿ ಅದ್ದಿದಳು, ಸೊನ್ನೆ. ಕುದಿವ ನೀರಿನಲ್ಲಿ ಅದ್ದಿದಳು, ತೊಂಬತ್ತೆಂಟೂವರೆ. ಜೇವರ್ಗಿಯ ಎತ್ತರಕ್ಕೆ ಅದೇ ಸರಿ. ಆಮೇಲೆ ಅದು ಆರುವವರೆಗೆ ಬಿಟ್ಟು ಮಗಳಿಗೆ ಕೊಟ್ಟಳು.

“ಪಾದರಸದ ಗುಂಡನ್ನ ಮುಷ್ಟ್ಯಾಗ ಹಿಡಿ. ಗಟ್ಟಿ ಹಿಡಿಬ್ಯಾಡ, ಒಡಿತೀ.”

“ಎಷ್ಟ್ ಬರ್ಬೇಕು?”

“ಜೀವ ಇದ್ದವ್ರ ಮುಷ್ಟ್ಯಾಗ ಮೂವತ್ನಾಕು, ಮೂವತ್ತೈದು.”

“ಮೂವತ್ತೈದು! ನಂಗ ಜೀವ ಅದ,” ಎಂದು ಜಗದೇವಿ ಕುಣಿದಳು. ದ್ರೌಪದಿ ನಗಲಿಲ್ಲ. ಥರ್ಮಾಮೀಟರಿನಲ್ಲಿ ದೋಷವಿರಲಿಲ್ಲ.

ರಾತ್ರಿಯೂಟಕ್ಕೆ ಬಂದ ನಾಗಣ್ಣ ಕೇಳಿ ತಲೆ ಕೊಡವಿದ. “ಕಲ್ಲಿನ ಗ್ವಾಡಿ, ತಂಪಿರ್ತದ. ಛಲೋನೇ ಆತಲ್ಲ? ರಿಪೇರೀನೂ ಬ್ಯಾಡ, ಹೊಸಾದೂ ಬ್ಯಾಡ.”

“ಈ ಪಡಸಾಲಿ ಗ್ವಾಡೀನೂ ಅದೇ ಕಲ್ಲಿಂದ ಅದರಿ,” ಎಂದಳು ದ್ರೌಪದಿ. ಅವನು ಇನ್ನೊಂದು ಚೂರು ಶೇಂಗಾ ಹಿಂಡಿ ಹಾಕಿಸಿಕೊಂಡ.

ವಾರದಲ್ಲಿ ಗೌರಾಬಾಯಿಗೆ ಕೆಮ್ಮು ಹತ್ತಿತು, ತುಟಿ ನೀಲಿಗಟ್ಟಿತು. ಒಂದು ಮಧ್ಯಾಹ್ನ ದ್ರೌಪದಿ ತಾಟು ಹಿಡಿದು ಒಳಗೇ ಹೋಗಿ, ಬಾಗಿಲು ಹಾಕಿಕೊಂಡು, ಅತ್ತೆಯ ಎದುರು ನೆಲದ ಮೇಲೆ ಕೂತಳು. ಮಂಚ ಖಾಲಿ ಇತ್ತು. ಗೌರಾಬಾಯಿ ಅದರ ಮೇಲೆ ಮಲಗುತ್ತಿರಲಿಲ್ಲ, ಬಾಗಿಲಿಗೆ ಬೆನ್ನು ಕೊಟ್ಟು ಮಲಗುತ್ತಿದ್ದರು. ಹಾಸಿಗೆಯ ಚಾದರ ಮಾತ್ರ ನಡುವೆ ಭಾರಕ್ಕೆ ತಗ್ಗಾಗಿತ್ತು.

“ಉಣ್ರಿ.”

“ಹಲ್ಲ ಕೂಡವಲ್ವು,” ಎಂದು ಗೌರಾಬಾಯಿ ನಡುಗಿದರು.

“ಅತ್ತೀ, ನೀವು ಸತ್ತು ಹೋಗ್ತೀರಿ. ಮಾವನ್ನ ಬಿಡಾಕ ಮನಸ್ ಬರವಲ್ದಂತ ನಂಗ ತಿಳೀತದ. ಖರೆ, ಇಟ್ಟುಕೊಂಡು ಏನ್ ಮಾಡ್ತೀರಿ?”

ಗೌರಾಬಾಯಿ ಸೊಸೆಯನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. “ಇಟ್ಟುಕೊಳ್ಳಾಕ? ನಾ ಇವ್ರನ್ನ ಇಟ್ಟುಕೊಂಡಿಲ್ಲ ಬೇ. ಹೊರಗ ಬಿಡದಂಗ ಹಿಡದೀನಿ.”

ದ್ರೌಪದಿ ಮುರಿದ ರೊಟ್ಟಿಯ ಚೂರನ್ನು ತಾಟಿಗೆ ಇಟ್ಟಳು.

“ಬಾಗ್ಲಾ ತೆರದ್ರ ಪಡಸಾಲಿಗೆ ಬರ್ತಾರ. ಪಡಸಾಲಿಗೆ ಬಂದ್ರ ನಿನ್ನ ಸಾಲಿ ಬಿಡಸ್ತಾರ, ಕೂಸಿನ್ನ ಅತನೂರಿಗೆ ಹೊಡೀತಾರ. ಆ ಮಷೀನ್ ನಡಿಯೂತನ ಅದರಾಗಿದ್ರು, ನಂಗೂ ಒಂದೀಟು ನಿದ್ದಿ ಬರ್ತಿತ್ತು. ಈಗ ಖೋಲಿ ತುಂಬ ತಿರಗಾಕತ್ತಾರ. ನಾ ಎದ್ದು ಬಂದ್ರ ಯಾರು ಹಿಡೀತಾರ? ನೀನ್?”

ಮಷೀನಿನ ಕಡೆಯಿಂದ ಒಂದು ಉದ್ದನೆಯ ಉಸಿರು ಬಂದು ದ್ರೌಪದಿಯ ಕಿವಿಯ ಹಿಂದಿನ ಕೂದಲನ್ನು ಸರಿಸಿತು. ಅವಳು ತಿರುಗಿ ನೋಡಲಿಲ್ಲ. ವಿಜ್ಞಾನದ ಟೀಚರು ಹೇಳಬಹುದಾದ ಮಾತುಗಳೆಲ್ಲ ಅವಳಿಗೆ ಗೊತ್ತಿದ್ದವು. ಎದುರಿಗೆ ಅತ್ತೆಯ ತುಟಿ ನೀಲಿಯಾಗಿತ್ತು.

“ಮಷೀನ್ ಕೀಳಿಸಿದ್ರ ಗ್ವಾಡ್ಯಾಗ ಓಣೀ ಕಡಿ ದಾರಿ ಆಗ್ತದಲ್ರಿ?” ಎಂದಳು ನಿಧಾನವಾಗಿ. “ಓಣ್ಯಾಗಿಂದ ಬಯಲಿಗೆ ಹೋಗ್ತಾರ.”

ಗೌರಾಬಾಯಿ ಮಷೀನಿನ ಸುತ್ತಲಿನ ಗೋಡೆ ನೋಡಿದರು. “ಮೊದಲ ಗ್ವಾಡಿ ತೆರೀಬೇಕು. ಹೊರಗಿಂದ. ಖೋಲಿ ಬಾಗ್ಲಾ ಹಾಕಿದ್ದೇ ಇರ್ಬೇಕು. ಆಮ್ಯಾಲ ಬಾಗ್ಲಾ. ಆಣಿ ಮಾಡು.”

“ಹಂಗೇ ಮಾಡಸ್ತೇನಿ, ಆಣಿ.”

ಅಂದೇ ದ್ರೌಪದಿ ಗಂಡನಿಗೆ, ಹಳೆಯದು ಕೊಟ್ಟುಬಿಡೋಣ, ಹೊಸದು ತರೋಣ ಎಂದಳು. ಗೋಡೆ ಮೊದಲು, ಬಾಗಿಲು ಆಮೇಲೆ ಎನ್ನುವುದನ್ನೂ ಹೇಳಿದಳು. “ಹೂಂ ಹೂಂ, ಹೇಳ್ತೇನಿ ಬಿಡು,” ಎಂದ ನಾಗಣ್ಣ. ಗೌರಾಬಾಯಿ ಕೌದಿ ಸುತ್ತಿಕೊಂಡು ಹೊರಬಂದರು, ತಾವೇ ಚಿಲಕ ಹಾಕಿದರು, ಚಿಲಕಕ್ಕೆ ಕೀಲಿ ಜಡಿದು ಮಗನ ಕೈಗೆ ಕೊಟ್ಟರು.

ಹಸನಸಾಬ ಇಬ್ಬರು ಹಮಾಲರನ್ನು ಕರೆದುಕೊಂಡು ಬಂದ ದಿನ ದ್ರೌಪದಿ ಅತ್ತೆಯನ್ನು ದವಾಖಾನೆಗೆ ಕರೆದೊಯ್ದಿದ್ದಳು. ಡಾಕ್ಟರು ಎದೆಗೆ ನಳಿಗೆ ಹಚ್ಚಿ, “ಇಂಥಾ ಬಿಸಲಾಗ ಥಂಡಿ ಹ್ಯಾಂಗ ಹತ್ತಿಸ್ಕೊಂಡ್ರಿ?” ಎಂದು ನಕ್ಕರು. ಇಬ್ಬರೂ ತಿರುಗಿ ಬರುವಾಗ ಕೆಂಧೂಳಿನ ಗಾಳಿ ಎದ್ದಿತ್ತು. ಮನೆಯ ತಲಬಾಗಿಲು ಗಟ್ಟಿಯಾಗಿ ಮುಚ್ಚಿತ್ತು.

ಒಳಗೆ ಥಂಡಿ ಖೋಲಿಯ ಬಾಗಿಲು ಹಾರುಹೊಡೆದಿತ್ತು. ಗೋಡೆಯ ಚೌಕದಿಂದ ಬಿಸಿಲು ನೆಲದವರೆಗೆ ಬಿದ್ದಿತ್ತು. ಮಷೀನು ಪಡಸಾಲೆಯ ನಡುವೆ, ಕಂಬದ ಬುಡದಲ್ಲಿ, ಮಹಾದೇವಪ್ಪನವರು ಊಟಕ್ಕೆ ಕೂಡುತ್ತಿದ್ದ ಜಾಗದಲ್ಲಿ ಕೂತಿತ್ತು.

“ಮೊದಲ ಯಾವ್ದು ತೆರದ್ರಿ?” ಎಂದು ಗೌರಾಬಾಯಿ ಕೇಳಿದರು.

“ಬಾಗ್ಲಾನೇ ಅಲ್ರೀ ಅಮ್ಮಾ?” ಎಂದ ಹಸನಸಾಬ. “ಈ ಮಷೀನ್ ಒಳಗಿನ ಕಡೀನೇ ಎಳೀಬೇಕು. ಹೊರಗ ನೂಕಿದ್ರ ಓಣ್ಯಾಗ ಯಾರದರೆ ತಲಿ ಒಡೀತದ. ಭಾಳ ಬಿಗಿದಿತ್ರಿ. ಒಂದ್ ತಾಸು ಜಗ್ಗಾಡಿದ್ವಿ.”

“ತಲಬಾಗ್ಲಾ?”

“ಧೂಳ ಬರ್ತದಂತ ನಾನೇ ಹಾಕಿದ್ನವ್ವ,” ಎಂದ ನಾಗಣ್ಣ.

ಗೌರಾಬಾಯಿ ಸೊಸೆಯ ಕಡೆ ನೋಡಲಿಲ್ಲ. ಸೆರಗು ಹೊದ್ದುಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂತರು. ದ್ರೌಪದಿ ಥರ್ಮಾಮೀಟರು ತೆಗೆದುಕೊಂಡು ಖೋಲಿಗೆ ಹೋದಳು. ಅಲ್ಲಿ ಮೂವತ್ತೊಂಬತ್ತು. ಎಲ್ಲ ಕಡೆ ಇರುವಂಥ ಒಳ್ಳೆಯ ಸೆಕೆ. ಉಸಿರಿನ ಸದ್ದೂ ಇರಲಿಲ್ಲ. ಪಡಸಾಲೆಯಲ್ಲೂ ಮೂವತ್ತೊಂಬತ್ತು. ಅವಳ ಎದೆ ಹಗುರಾಯಿತು.

ಹೊಸ ಏಸಿ ಬರುವುದು ತಡವಾಯಿತು. ಗೋಡೆಯ ಚೌಕಕ್ಕೆ ಬಡಿಗನಿಂದ ಕಿಟಕಿ ಕೂಡಿಸಿದರು. ಗೌರಾಬಾಯಿಯ ಕೆಮ್ಮು ಇಳಿಯಿತು, ರೊಟ್ಟಿ ಪೂರಾ ಉಣ್ಣತೊಡಗಿದರು, ಆದರೆ ಉಣ್ಣುವಾಗ ಅವರ ಕಣ್ಣು ಮಗನ ಮೇಲಿರುತ್ತಿತ್ತು. ನಾಗಣ್ಣ ಈಗೀಗ ಅಂಗಡಿಗೆ ತಡವಾಗಿ ಹೋಗುತ್ತಿದ್ದ. ಒಮ್ಮೆ ದ್ರೌಪದಿ ಅವನ ಅಂಗಿಗಳನ್ನು ಒಗೆಯಲು ತೆಗೆದಾಗ ಬಗಲಲ್ಲಿ ಬೆವರಿನ ಉಪ್ಪಿನ ಗೆರೆ ಇರಲಿಲ್ಲ. ಕೊರಳಿನ ಟಾವೆಲು ಗೂಟಕ್ಕೆ ನೇತಾಡುತ್ತಿತ್ತು, ಒಣಗಿ.

ಜೂನಿನಲ್ಲಿ ಪಿಯುಸಿ ಫಲಿತಾಂಶ ಬಂತು. ಜಗದೇವಿ ಫಸ್ಟ್ ಕ್ಲಾಸು. ಮಳೆ ಇನ್ನೂ ಬಿದ್ದಿರಲಿಲ್ಲ. ಕಲಬುರಗಿಯ ಕಾಲೇಜಿಗೆ ಹೋಗಿ ಹೆಸರು ಹಚ್ಚುವ ಕೊನೆಯ ದಿನ, ಮಧ್ಯಾಹ್ನದ ಬಸ್ಸಿಗೆ ಹೊರಡುವ ಮುಂಚೆ ದ್ರೌಪದಿ ಎಲ್ಲರಿಗೂ ಊಟಕ್ಕೆ ಹಾಕಿದಳು, ಸಿಹಿಗೆಂದು ಮಾದಲಿ ಮಾಡಿದ್ದಳು. ನಾಗಣ್ಣ ಬಂದು ಕಂಬದ ಬುಡದಲ್ಲಿ ಕೂತ. ಅಲ್ಲಿ ಅವನು ಎಂದೂ ಕೂತವನಲ್ಲ.

“ಎಲ್ಲಿಗೆ ಹೊಂಟೀರಿ?”

“ಹೆಸರು ಹಚ್ಚಾಕ್ರಿ. ನಿನ್ನೆನೇ ಹೇಳಿದ್ನಲ್ಲ?” ಎಂದಳು ದ್ರೌಪದಿ.

“ಸಾಕು ಓದಿದ್ದು. ಸೋಮವಾರ ಅತನೂರಿನವ್ರು ಬರ್ತಾರ.” ಅವನು ಮಾದಲಿಯನ್ನು ಬೆರಳಿನಿಂದ ಬದಿಗೆ ಸರಿಸಿದ. ಮಹಾದೇವಪ್ಪನವರು ಸಿಹಿ ಮುಟ್ಟುತ್ತಿರಲಿಲ್ಲ. “ಮತ್ತ ನಿನ್ನ ಸಾಲೀದೂ ಒಂದು ವಿಚಾರ ಮಾಡಬೇಕು. ಮನ್ಯಾಗ ಯಾರರೆ ಇರ್ಬೇಕು.”

“ಅಪ್ಪಾ, ನೀನೇ ಅಂದಿದ್ದಿ ಬಿಎಸ್ಸಿ ಮಾಡು ಅಂತ!” ಎಂದಳು ಜಗದೇವಿ.

“ನಾ ಯಾವಾಗ ಅಂದೀನಿ?” ಎಂದು ಅವನು ತಲೆ ಎತ್ತಿದ. ಎರಡು ಗಿಡ್ಡ ಉಸಿರು, ಒಂದು ಉದ್ದ. ತೆರೆದಿದ್ದ ತಲಬಾಗಿಲಿನಿಂದ ಬಿಸಿಲಿನ ಝಳ ಒಳಗೆ ಬರುತ್ತಿತ್ತು. “ಆ ಬಾಗ್ಲಾ ಹಾಕ್ರಬೇ, ಗಾಳಿ ಹೋಗ್ತದ!”

ಮೊದಲು ಎದ್ದವರು ಗೌರಾಬಾಯಿ. ಹಳೆಯ ಅಭ್ಯಾಸದಿಂದ ಅವರ ಕಾಲು ಬಾಗಿಲಿನ ಕಡೆ ನಡೆದವು, ಕೈ ಚಿಲಕದವರೆಗೆ ಹೋಯಿತು. ಅಲ್ಲೇ ನಿಂತರು. ಆಮೇಲೆ ತಿರುಗಿ ತಾವು ಹೆತ್ತ ಮಗನ ಮುಖ ನೋಡಿ, ಹುಟ್ಟಿದಾಗಿನಿಂದ ‘ಲೇ’ ಎಂದು ಕರೆದ ಮಗನಿಗೆ, ಸೆರಗು ತಲೆಯ ಮೇಲೆ ಎಳೆದುಕೊಂಡು ಹೇಳಿದರು:

“ಹಾಕಾಂಗಿಲ್ರಿ.”

ಆ ‘ರಿ’ ಕೇಳಿ ದ್ರೌಪದಿ ಗಂಡನ ಮುಖ ನೋಡಿದಳು.

“ನೀವು ಇದ್ದಷ್ಟು ದಿನ ನಿಮ್ಮ ಮಾತಿಗೆ ಬಾಗ್ಲಾ ಹಾಕೀನಿ. ಇನ್ನ ಹಾಕಾಂಗಿಲ್ರಿ. ಕೂಸು ಓದ್ತದ. ಸೊಸಿ ಸಾಲಿಗೆ ಹೋಗ್ತಾಳ. ನೀವು ಬೇಕಾದ್ರ ಇಲ್ಲೇ ಇರ್ರಿ, ಇಲ್ಲಾ ಹೋಗ್ರಿ.” ಹಾಗೆಂದು ಗೌರಾಬಾಯಿ ಹೊಸ್ತಿಲ ಮೇಲೆಯೇ ಕೂತುಬಿಟ್ಟರು, ಬೆನ್ನಿಗೆ ಒಂದು ಕದ, ಕಾಲಿಗೆ ಇನ್ನೊಂದು ಕದ ಒತ್ತಿಕೊಂಡು. “ಜಗದೇವಿ, ಚಪ್ಪಲಿ ಮೆಟ್ಟು. ಬಸ್ ಬರ್ತದ. ನನ್ನ ದಾಟಿ ಹೋಗು, ಪಾಪ ಹತ್ತಾಂಗಿಲ್ಲ.”

ಜಗದೇವಿ ಅಜ್ಜಿಯನ್ನು ದಾಟಿ ಬಿಸಿಲಿಗಿಳಿದಳು. ನಾಗಣ್ಣ ಏಳಲಿಲ್ಲ, ಬಯ್ಯಲಿಲ್ಲ. ಕಂಬಕ್ಕೆ ಒರಗಿ, ಅಂಗೈ ಮೇಲೆ ಮಾಡಿ, ಅರೆಗಣ್ಣು ಮುಚ್ಚಿ ಕೂತಿದ್ದ.

ದ್ರೌಪದಿ ಚೀಲ ಹೆಗಲಿಗೆ ಹಾಕಿಕೊಂಡಳು. ಗೋಡೆಯ ಮೊಳೆಗೆ ತೂಗುತ್ತಿದ್ದ ಥರ್ಮಾಮೀಟರು ನೋಡಿದಳು, ಮೂವತ್ತೊಂಬತ್ತು. ಅದನ್ನು ತೆಗೆದುಕೊಂಡು ಗಂಡನ ಎದುರು ಮಂಡಿಯೂರಿ ಕೂತು, ಗುಂಡನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

“ಸ್ವಲ್ಪ ಹಿಡ್ಕೋರಿ,” ಎಂದಳು.

ಹೊರಗೆ ಜಗದೇವಿ, “ಅವ್ವಾ, ಬಸ್ ಬಂತು!” ಎಂದು ಕೂಗಿದಳು. ದ್ರೌಪದಿ ಹುಡುಗಿಯರಿಗೆ ಕಲಿಸುವ ಹಾಗೆಯೇ, ಪಾದರಸ ಅಲುಗುವುದು ನಿಲ್ಲುವವರೆಗೆ ಕಾಯ್ದು, ಕಣ್ಣನ್ನು ಗೆರೆಯ ಸಮಕ್ಕೆ ತಂದು ಓದಿದಳು.

ಇಪ್ಪತ್ತೆರಡು ಡಿಗ್ರಿ.